ಗುಣಾತ್ಮಕ ಆರೋಗ್ಯ ಸಂಶೋಧನೆಯನ್ನು ಓದಿ ಅಳೆಯುವುದು ಹೇಗೆ? ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯಲ್ಲಿ ಎಂಡಿ, ಎಂಎಸ್ಸಿ ನರ್ಸಿಂಗ್ ಓದುವವರು, ಬೀದರ್ ಯಾದಗಿರಿ ಕಡೆ ಸಮುದಾಯ ಆರೋಗ್ಯದ ಕೆಲಸ ಮಾಡುವವರು ಜರ್ನಲ್ ಕ್ಲಬ್‌ಗಳಲ್ಲಿ (ಸಂಶೋಧನಾ ಪೇಪರ್ ಓದಿ ಕೂತು ಚರ್ಚಿಸುವ ಕೂಟಗಳಲ್ಲಿ) ಕೇಳುವ ಪ್ರಶ್ನೆಗಳು ಇವು. ಅಂಕಿ-ಅಂಶದ ಪೇಪರ್ ಓದುವುದನ್ನು ನಮಗೆ ಒಂದಿಷ್ಟಾದರೂ ಕಲಿಸಿರುತ್ತಾರೆ. ಜನರ ಮಾತಿನ ಮೇಲೆ ನಿಂತ ಪೇಪರ್ ಎದುರಿಗೆ ಬಂದರೆ ಮಾತ್ರ ತಬ್ಬಿಬ್ಬಾಗುತ್ತೇವೆ. "ಚೆನ್ನಾಗಿದೆ" ಅಂತೇವೆ, ಇಲ್ಲಾಂದ್ರೆ "ಇದೂ ಒಂದು ಸಂಶೋಧನೆನಾ?" ಅಂತೇವೆ. ಎರಡಕ್ಕೂ ಪೇಪರ್ ಓದುವ ಅಗತ್ಯವೇ ಇಲ್ಲ, ಅಲ್ವಾ?

ಗುಣಾತ್ಮಕ ಸಂಶೋಧನೆ ಅಂದರೆ ಏನು, ಒಂದೆರಡು ಮಾತಲ್ಲಿ ಹೇಳಿ.

ಎಷ್ಟು ಅಂತ ಕೇಳಿದರೆ ಎಣಿಸಬೇಕು. ಯಾಕೆ, ಹೇಗೆ ಅಂತ ಕೇಳಿದರೆ ಕೂತು ಮಾತಾಡಿಸಬೇಕು. ಒಂದು ಜಿಲ್ಲೆಯಲ್ಲಿ ಎಷ್ಟು ಹೆರಿಗೆ ಮನೆಯಲ್ಲೇ ಆದವು ಅಂತ ಸರ್ವೆ ಹೇಳುತ್ತದೆ. ಆಂಬ್ಯುಲೆನ್ಸ್ ಬಾಗಿಲಿಗೆ ಬಂದು ನಿಂತರೂ ಮನೆಯವರು ಯಾಕೆ ಹೊರಡಲಿಲ್ಲ ಅಂತ ಅದು ಹೇಳುವುದಿಲ್ಲ. ಅದಕ್ಕೆ ಸಂದರ್ಶನ, ಗುಂಪು ಚರ್ಚೆ, ವಾರ್ಡಿನಲ್ಲಿ ಕೂತು ಗಮನಿಸುವುದು ಇವೆಲ್ಲ ಬೇಕು.

ವಿಮರ್ಶೆ ಮಾಡೋದು ಅಂದ್ರೆ ತಪ್ಪು ಹುಡುಕೋದಾ?

ಅಲ್ಲ. ಈ ಪೇಪರ್ ಹೇಳುವುದನ್ನು ಎಷ್ಟು ನಂಬಬಹುದು, ಎಲ್ಲಿಯವರೆಗೆ ನಂಬಬಹುದು, ನಮ್ಮ ಊರಿಗೆ ಎಷ್ಟು ಉಪಯೋಗ ಅಂತ ನೋಡುವುದು. ತಪ್ಪು ಎಲ್ಲ ಅಧ್ಯಯನದಲ್ಲೂ ಸಿಗುತ್ತದೆ. ಆ ತಪ್ಪು ಅವರ ತೀರ್ಮಾನವನ್ನು ಅಲುಗಾಡಿಸುತ್ತದೋ ಇಲ್ಲವೋ ಅನ್ನುವುದನ್ನು ಹೇಳಬೇಕು. ಹದಿನೈದು ತಪ್ಪು ಪಟ್ಟಿ ಮಾಡಿ, ಅದರಿಂದ ಏನಾಯಿತು ಅಂತ ಹೇಳದೆ ಕೂತುಬಿಟ್ಟರೆ ಅದು ಅರ್ಧ ಕೆಲಸ.

ಪೇಪರ್ ಕೈಗೆ ಬಂದ ತಕ್ಷಣ ಮೊದಲು ಏನು ಓದಬೇಕು?

ಮೊದಲು ಉದ್ದೇಶ ಓದಿ. ಅವರು ಏನು ತಿಳಿಯಬೇಕು ಅಂತ ಹೊರಟರು? ಒಂದು ವಾಕ್ಯದಲ್ಲಿ ನಿಮ್ಮ ಮಾತಿನಲ್ಲಿ ಬರೆದುಕೊಳ್ಳಿ. ಬರೆಯಲು ಆಗದಿದ್ದರೆ ತೊಂದರೆ ನಿಮ್ಮದೇ ಅಂತ ಅಂದುಕೊಳ್ಳಬೇಡಿ. ಎಷ್ಟೋ ಸಲ ಬರೆದವರಿಗೇ ಸ್ಪಷ್ಟ ಇರುವುದಿಲ್ಲ.

ಆಮೇಲೆ ನನ್ನ ಸಲಹೆ ಸ್ವಲ್ಪ ವಿಚಿತ್ರ ಅನಿಸಬಹುದು. ಸಾರಾಂಶದ ತೀರ್ಮಾನ ಬಿಟ್ಟು, ಫಲಿತಾಂಶದ ಭಾಗಕ್ಕೆ ಹೋಗಿ ಜನರ ಮಾತುಗಳನ್ನಷ್ಟೇ ಓದಿ. ಥೀಮ್ ಅಂದರೆ ಒಂದೇ ಅರ್ಥದ ಮಾತುಗಳನ್ನು ಗುಂಪು ಮಾಡಿ ಲೇಖಕರು ಹೆಸರಿಟ್ಟ ವಿಷಯ. ಆ ಥೀಮ್‌ಗಳ ತಲೆಬರಹಕ್ಕೆ ಒಂದು ಹಾಳೆ ಅಡ್ಡ ಹಿಡಿಯಿರಿ. ಆ ಮಾತುಗಳಿಂದ ನಿಮಗೆ ಏನು ತೋರುತ್ತದೆ ಅಂತ ಬದಿಯಲ್ಲಿ ಗೀಚಿ. ಆಮೇಲೆ ಹಾಳೆ ತೆಗೆದು ಲೇಖಕರು ಏನು ಹೆಸರು ಕೊಟ್ಟಿದ್ದಾರೆ ನೋಡಿ. ಎರಡೂ ಹತ್ತಿರ ಇದ್ದರೆ ಒಳ್ಳೆಯದು. ದೂರ ಇದ್ದರೆ ಅಲ್ಲಿಂದಲೇ ನಿಮ್ಮ ವಿಮರ್ಶೆ ಶುರು.

ಯಾವ ಚೆಕ್‌ಲಿಸ್ಟ್ ಬಳಸಲಿ? ಕ್ಯಾಸ್ಪ್, ಜೆಬಿಐ, ಕೋರೆಕ್ ಅಂತ ಎಷ್ಟೊಂದು ಇವೆ.

ಇಲ್ಲಿ ಎಲ್ಲರೂ ಒಂದು ಗೊಂದಲ ಮಾಡಿಕೊಳ್ಳುತ್ತಾರೆ. ಕೋರೆಕ್ 2007ರಲ್ಲಿ ಬಂತು, 32 ಅಂಶಗಳು. ಎಸ್‌ಆರ್‌ಕ್ಯೂಆರ್ 2014ರಲ್ಲಿ ಬಂತು, 21 ಅಂಶಗಳು. ಇವೆರಡೂ ಪೇಪರ್ ಬರೆಯುವವರಿಗೆ, ಏನೇನು ವರದಿ ಮಾಡಬೇಕು ಅಂತ ನೆನಪಿಸುವುದಕ್ಕೆ. ಕೋರೆಕ್ ಸಂದರ್ಶನ ಮತ್ತು ಫೋಕಸ್ ಗ್ರೂಪ್‌ಗೆ (ಗುಂಪು ಚರ್ಚೆಗೆ) ಮಾತ್ರ. 32ಕ್ಕೆ 32 ತುಂಬಿದ ಪೇಪರ್ ಕೂಡ ಟೊಳ್ಳಾಗಿರಬಹುದು.

ಓದಿ ಅಳೆಯುವುದಕ್ಕೆ ಕ್ಯಾಸ್ಪ್ ಮತ್ತು ಜೆಬಿಐ ಇವೆ. ಕ್ಯಾಸ್ಪ್ 1993ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಶುರುವಾದ ಕಾರ್ಯಕ್ರಮ. ಅದರ ಗುಣಾತ್ಮಕ ಪಟ್ಟಿಯಲ್ಲಿ 10 ಪ್ರಶ್ನೆ. ಮೊದಲ ಎರಡು ಜರಡಿ: ಉದ್ದೇಶ ಸ್ಪಷ್ಟವಿದೆಯಾ, ಈ ಪ್ರಶ್ನೆಗೆ ಗುಣಾತ್ಮಕ ವಿಧಾನ ಸರಿಯಾ. ಎರಡರಲ್ಲಿ ಒಂದಕ್ಕೆ "ಇಲ್ಲ" ಅಂತ ಬಂದರೂ ಮುಂದೆ ಹೋಗುವುದರಲ್ಲಿ ಅರ್ಥವಿಲ್ಲ. ಉಳಿದವು ವಿನ್ಯಾಸ, ಜನರನ್ನು ಆರಿಸಿದ ಬಗೆ, ಮಾಹಿತಿ ಕಲೆಹಾಕಿದ ಬಗೆ, ಸಂಶೋಧಕರಿಗೂ ಮಾತಾಡಿದವರಿಗೂ ಇರುವ ಸಂಬಂಧ, ನೈತಿಕತೆ, ವಿಶ್ಲೇಷಣೆ, ಫಲಿತಾಂಶ, ಕೊನೆಗೆ ಇದರ ಬೆಲೆ ಏನು ಅನ್ನುವುದು. ಆಸ್ಟ್ರೇಲಿಯಾದ ಅಡಿಲೇಡ್‌ನ ಜೆಬಿಐ ಸಂಸ್ಥೆಯ ಪಟ್ಟಿಯಲ್ಲೂ 10 ಪ್ರಶ್ನೆಗಳೇ. ಅದು ತಾತ್ವಿಕ ನೆಲೆಗೂ (ಅಧ್ಯಯನ ನಿಂತಿರುವ ಮೂಲ ವಿಚಾರಕ್ಕೂ) ವಿಧಾನಕ್ಕೂ ಹೊಂದಾಣಿಕೆ ಇದೆಯಾ ಅಂತ ಜಾಸ್ತಿ ಕೆದಕುತ್ತದೆ.

ಹೊಸಬರು ಕ್ಯಾಸ್ಪ್‌ನಿಂದ ಶುರು ಮಾಡಿ. ಪ್ರತಿ ಪ್ರಶ್ನೆಯ ಕೆಳಗೆ ಸುಳಿವು ಕೊಟ್ಟಿದ್ದಾರೆ, ಸುಲಭ ಆಗುತ್ತದೆ.

ಹತ್ತಕ್ಕೆ ಎಂಟು ಬಂದರೆ ಒಳ್ಳೆ ಪೇಪರ್ ಅಂತ ಬರೆಯಬಹುದಾ?

ಬೇಡ. ಕ್ಯಾಸ್ಪ್‌ನವರೇ ಅಂಕ ಹಾಕಬೇಡಿ ಅನ್ನುತ್ತಾರೆ. ಇದು ರೊಟ್ಟಿಯನ್ನು ತಕ್ಕಡಿಗೆ ಹಾಕಿ ರುಚಿ ಹೇಳಿದ ಹಾಗೆ. ನೈತಿಕ ಸಮಿತಿಯ ಒಪ್ಪಿಗೆ ಪಡೆದಿದ್ದಕ್ಕೂ ಒಂದಂಕ, ಇಡೀ ವಿಶ್ಲೇಷಣೆ ಗಟ್ಟಿ ಇರುವುದಕ್ಕೂ ಒಂದಂಕ ಅಂದರೆ ಅದರಲ್ಲಿ ನ್ಯಾಯ ಎಲ್ಲಿದೆ? "ಹೌದು", "ಇಲ್ಲ", "ಹೇಳಲಾಗದು" ಮೂರರಲ್ಲಿ ಒಂದನ್ನು ಗುರುತು ಮಾಡಿ, ಪಕ್ಕದಲ್ಲಿ ಕಾರಣ ಎರಡು ಸಾಲು ಬರೆಯಿರಿ. ಆ ಎರಡು ಸಾಲೇ ನಿಮ್ಮ ಮೌಲ್ಯಮಾಪನ. "ಹೇಳಲಾಗದು" ಅಂತ ಬರೆಯಲು ನಾಚಿಕೆ ಪಡಬೇಡಿ.

ಬರೀ ಹನ್ನೆರಡು ಜನರನ್ನು ಮಾತಾಡಿಸಿದ್ದಾರೆ. ಇದನ್ನು ನಂಬೋದು ಹೇಗೆ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಸಂಖ್ಯೆ ಚಿಕ್ಕದಾಗಿರುವುದೇ ದೋಷ ಅಲ್ಲ. ಗುಣಾತ್ಮಕ ಅಧ್ಯಯನ ಇಡೀ ಜಿಲ್ಲೆಯ ಶೇಕಡಾವಾರು ಹೇಳುತ್ತೇನೆ ಅಂತ ಹೊರಟಿರುವುದಿಲ್ಲ.

ಹನ್ನೆರಡು ಅನ್ನುವ ಸಂಖ್ಯೆ ಥೀಸಿಸ್‌ಗಳಲ್ಲಿ ಪದೇ ಪದೇ ಕಾಣುವುದಕ್ಕೆ ಒಂದು ಕಾರಣ ಇದೆ. 2006ರಲ್ಲಿ ಗೆಸ್ಟ್ ಮತ್ತು ಸಂಗಡಿಗರು ಘಾನಾ, ನೈಜೀರಿಯಾದ ಮಹಿಳೆಯರ ಜತೆ ಮಾಡಿದ 60 ಸಂದರ್ಶನಗಳನ್ನು ಮತ್ತೆ ನೋಡಿದರು. ಮೊದಲ ಹನ್ನೆರಡರ ಒಳಗೇ ಮುಖ್ಯ ವಿಷಯಗಳೆಲ್ಲ ಬಂದುಬಿಟ್ಟಿದ್ದವು. ಆ ಮಹಿಳೆಯರು ಒಂದೇ ಬಗೆಯ ಪರಿಸ್ಥಿತಿಯವರು, ಕೇಳಿದ ಪ್ರಶ್ನೆಗಳೂ ಹೆಚ್ಚುಕಡಿಮೆ ಒಂದೇ. ಅದು ಎಲ್ಲ ಕಡೆ ಅನ್ವಯಿಸುವ ಸೂತ್ರ ಅಂತ ಅವರೂ ಹೇಳಲಿಲ್ಲ. ನಮ್ಮಲ್ಲಿ ಮಾತ್ರ ಅದು ಸೂತ್ರ ಆಗಿಬಿಟ್ಟಿದೆ. ಒಂದೇ ಅಧ್ಯಯನದಲ್ಲಿ ತಾಂಡಾದ ಹೆಣ್ಣುಮಕ್ಕಳು, ನಗರದ ನರ್ಸ್‌ಗಳು, ತಾಲೂಕು ಆಸ್ಪತ್ರೆಯ ಡಾಕ್ಟರು ಮೂವರನ್ನೂ ಸೇರಿಸಿ ಒಟ್ಟು ಹನ್ನೆರಡು ಅಂದರೆ ಒಂದೊಂದು ಗುಂಪಿಗೆ ನಾಲ್ಕೇ ಜನ ಬಂದರು.

"ಸ್ಯಾಚುರೇಶನ್ ಆಯಿತು" ಅನ್ನುವ ಮಾತನ್ನೂ ಹೀಗೇ ನೋಡಿ. ಇನ್ನಷ್ಟು ಜನರನ್ನು ಕೇಳಿದರೂ ಹೊಸದೇನೂ ಬರುತ್ತಿಲ್ಲ ಅಂತ ಅದರ ಅರ್ಥ. 1967ರಲ್ಲಿ ಗ್ಲೇಸರ್ ಮತ್ತು ಸ್ಟ್ರಾಸ್ ಗ್ರೌಂಡೆಡ್ ಥಿಯರಿ (ಜನರಿಂದ ಸಿಕ್ಕ ಮಾಹಿತಿಯಿಂದಲೇ ಸಿದ್ಧಾಂತ ಕಟ್ಟುವ ವಿಧಾನ) ಜತೆ ತಂದ ವಿಚಾರ ಅದು. ಇವತ್ತು ಗ್ರೌಂಡೆಡ್ ಥಿಯರಿಗೆ ಸಂಬಂಧವೇ ಇಲ್ಲದ ಪೇಪರ್‌ನಲ್ಲೂ ಮುದ್ರೆ ಒತ್ತಿದ ಹಾಗೆ ಬರುತ್ತದೆ. ಥೀಮ್ಯಾಟಿಕ್ ವಿಶ್ಲೇಷಣೆಯ ದಾರಿ ಹಾಕಿಕೊಟ್ಟ ಬ್ರೌನ್ ಮತ್ತು ಕ್ಲಾರ್ಕ್ ಅವರೇ ತಮ್ಮ ವಿಧಾನಕ್ಕೆ ಈ ಮಾತು ಸರಿಯಾಗಿ ಹೊಂದುವುದಿಲ್ಲ ಅಂದಿದ್ದಾರೆ. ಪೇಪರ್‌ನಲ್ಲಿ ಸ್ಯಾಚುರೇಶನ್ ಅಂತ ಇದ್ದರೆ ಕೇಳಿ: ಎಷ್ಟನೇ ಸಂದರ್ಶನದ ಹೊತ್ತಿಗೆ ಅನಿಸಿತು? ಹೇಗೆ ಗೊತ್ತಾಯಿತು? ಆಮೇಲೂ ಒಂದೆರಡು ಮಾಡಿ ನೋಡಿದರಾ? ಪ್ರಸ್ತಾವದಲ್ಲಿ ಮೊದಲೇ ಹನ್ನೆರಡು ಅಂತ ಬರೆದು, ಸರಿಯಾಗಿ ಹನ್ನೆರಡಕ್ಕೇ ಸ್ಯಾಚುರೇಶನ್ ಆದರೆ ನನಗಂತೂ ಅನುಮಾನ ಬರುತ್ತದೆ.

ಜನರನ್ನು ಆರಿಸಿದ ಬಗೆಯಲ್ಲಿ ಏನು ನೋಡಬೇಕು?

"ಪರ್ಪಸಿವ್ ಸ್ಯಾಂಪ್ಲಿಂಗ್" ಅಂತ ಬರೆದಿರುತ್ತಾರೆ, ಅಂದರೆ ಒಂದು ಉದ್ದೇಶ ಇಟ್ಟುಕೊಂಡು ಜನರನ್ನು ಆರಿಸಿದ್ದು. ಯಾವ ಉದ್ದೇಶಕ್ಕೆ ಅಂತ ಬರೆದಿರುವುದಿಲ್ಲ. ಬಹಳ ಸಲ ಅದು ಸಿಕ್ಕವರನ್ನು ಹಿಡಿದು ಮಾತಾಡಿಸಿದ್ದಕ್ಕೆ ಇಟ್ಟ ಚಂದದ ಹೆಸರು.

ಯಾರು ಸಿಗಲಿಲ್ಲ ಅಂತ ಯೋಚಿಸಿ. ನಮ್ಮ ಕಡೆ ಇದು ಬಹಳ ಮುಖ್ಯ. ಡಿಸೆಂಬರ್-ಜನವರಿಯಲ್ಲಿ ತೊಗರಿ ಕಟಾವು, ರಾಶಿ. ಬೆಳಿಗ್ಗೆ ಹನ್ನೊಂದಕ್ಕೆ ಊರಿಗೆ ಹೋದರೆ ಕಟ್ಟೆ ಮೇಲೆ ವಯಸ್ಸಾದವರು ಇರುತ್ತಾರೆ. ವಯಸ್ಸಿನ ಹೆಣ್ಣುಮಕ್ಕಳೆಲ್ಲ ಹೊಲದಲ್ಲಿ. ಬೇಸಿಗೆಗೆ ಹೋದರೆ ಯಾದಗಿರಿಯ ಎಷ್ಟೋ ಮನೆಗಳಿಗೆ ಬೀಗ. ಬೆಂಗಳೂರು, ಪುಣೆ, ಮುಂಬೈಗೆ ದುಡಿಯಲು ಹೋಗಿರುತ್ತಾರೆ. "ವಲಸೆ ಕುಟುಂಬಗಳಿಗೆ ಲಸಿಕೆ ಯಾಕೆ ತಪ್ಪುತ್ತದೆ" ಅನ್ನುವ ಅಧ್ಯಯನ ಬೇಸಿಗೆಯಲ್ಲಿ ಊರಲ್ಲೇ ಉಳಿದವರನ್ನು ಮಾತಾಡಿಸಿ ಮುಗಿಸಿದ್ದರೆ, ಅವರು ಬೇಕಾದವರನ್ನು ಬಿಟ್ಟು ಉಳಿದವರನ್ನು ಕೇಳಿದ್ದಾರೆ. ಪೇಪರ್‌ನಲ್ಲಿ ಮಾಹಿತಿ ಕಲೆಹಾಕಿದ ತಿಂಗಳು, ಹೊತ್ತು, ಜಾಗ ಮೂರೂ ಇವೆಯಾ ನೋಡಿ. ಎಷ್ಟು ಜನ ಮಾತಾಡಲು ಒಪ್ಪಲಿಲ್ಲ, ಯಾಕೆ ಅನ್ನುವುದೂ ಇರಬೇಕು.

ಸಂಶೋಧಕರು ಯಾರು ಅನ್ನೋದು ಯಾಕೆ ಬೇಕು? ಅದು ಪಕ್ಷಪಾತ ಅಲ್ವಾ?

ಕ್ಯಾಸ್ಪ್‌ನ ಆರನೇ ಪ್ರಶ್ನೆ ಇದೇ. ಹೆಚ್ಚಿನ ಪೇಪರ್‌ಗಳು ಸೋಲುವುದೂ ಇಲ್ಲೇ. ಇದನ್ನು ರಿಫ್ಲೆಕ್ಸಿವಿಟಿ ಅನ್ನುತ್ತಾರೆ. ಸಂಶೋಧಕರು ತಾವು ಯಾರು, ತಮ್ಮ ಇರುವಿಕೆಯಿಂದ ಮಾತು ಹೇಗೆ ತಿರುಗಿತು ಅಂತ ಬಿಚ್ಚಿ ಹೇಳುವುದು.

ಒಂದು ಸಂದರ್ಶನ ಹೇಗೆ ನಡೆಯುತ್ತದೆ ಅಂತ ಕಣ್ಣಮುಂದೆ ತಂದುಕೊಳ್ಳಿ. ಪಿಎಚ್‌ಸಿಯಿಂದ ಜೀಪು ಬರುತ್ತದೆ. ಆಶಾ ಕಾರ್ಯಕರ್ತೆ ಮುಂದೆ ಇಳಿದು ಬಾಗಿಲಲ್ಲೇ ಹೇಳುತ್ತಾಳೆ: "ಯಕ್ಕಾ, ಮೇಡಂ ಬಂದಾರ ಕಲಬುರಗಿಯಿಂದ. ಛಲೋ ಹೇಳು." ಮಂಚದ ಮೇಲೆ ಅತ್ತೆ ಕೂತಿದ್ದಾಳೆ. ಸೊಸೆ ಬಾಗಿಲ ಸಂದಿಯಲ್ಲಿ ನಿಂತಿದ್ದಾಳೆ. ಮೇಡಂ ರೆಕಾರ್ಡರ್ ಆನ್ ಮಾಡಿ ಕೇಳುತ್ತಾರೆ, "ಆಶಾ ನಿಮ್ಮ ಮನೆಗೆ ಸರಿಯಾಗಿ ಬರ್ತಾರಾ? ಗರ್ಭಿಣಿ ಇದ್ದಾಗ ಮನೇಲಿ ನಿಮಗೆ ಊಟ ಸರಿಯಾಗಿ ಸಿಗ್ತಿತ್ತಾ?" ಸೊಸೆ ಒಮ್ಮೆ ಆಶಾಳ ಮುಖ ನೋಡುತ್ತಾಳೆ, ಒಮ್ಮೆ ಅತ್ತೆಯ ಮುಖ. "ಎಲ್ಲಾ ಛಲೋ ಅದರಿ."

ಪೇಪರ್‌ನಲ್ಲಿ ಇದು ಏನಾಗುತ್ತದೆ ಗೊತ್ತಾ? "ಹೆಚ್ಚಿನ ಮಹಿಳೆಯರು ಸೇವೆಯ ಬಗ್ಗೆ ತೃಪ್ತಿ ವ್ಯಕ್ತಪಡಿಸಿದರು." ಆಶಾ ಅಲ್ಲಿದ್ದಳು ಅಂತ ಒಂದು ಸಾಲೂ ಇರುವುದಿಲ್ಲ. ಆ ಒಂದು ಸಾಲು ಇದ್ದಿದ್ದರೆ ಫಲಿತಾಂಶವನ್ನು ನಾವು ಬೇರೆಯೇ ರೀತಿ ಓದುತ್ತಿದ್ದೆವು.

ಆಶಾ ಜತೆ ಹೋಗಲೇಬಾರದು ಅಂತ ಇದರ ಅರ್ಥ ಅಲ್ಲ. ಆಕೆ ಇಲ್ಲದೆ ಎಷ್ಟೋ ಮನೆ ಬಾಗಿಲೇ ತೆರೆಯುವುದಿಲ್ಲ. ಬಾಗಿಲ ತನಕ ಬಂದು ಆಮೇಲೆ ಹೊರಟರಾ, ಕೂತು ಮಾತು ಮಾತಿಗೂ ಬಾಯಿ ಹಾಕಿದರಾ ಅನ್ನುವುದು ಗೊತ್ತಾಗಬೇಕು. ಕೇಳಿದವರು ಗಂಡಸಾ, ಹೆಂಗಸಾ, ಅದೇ ಆಸ್ಪತ್ರೆಯ ಡಾಕ್ಟರಾ, ಯಾವ ಭಾಷೆಯವರು, ಮೊದಲೇ ಪರಿಚಯ ಇತ್ತಾ, ಇದೂ ಗೊತ್ತಾಗಬೇಕು. ಹೆರಿಗೆ ವಾರ್ಡಿನಲ್ಲಿ ಬೈಗುಳ ತಿಂದ ಅನುಭವವನ್ನು ಅದೇ ವಾರ್ಡಿನ ಸಿಸ್ಟರ್ ಯೂನಿಫಾರ್ಮ್ ಹಾಕಿಕೊಂಡು ಕೇಳಿದರೆ ಯಾರು ತಾನೇ ಹೇಳುತ್ತಾರೆ?

ಪಕ್ಷಪಾತದ ಮಾತಿಗೆ ಬಂದರೆ, ಇಲ್ಲಿ ಯಾರೂ ಎಲ್ಲಿಂದಲೋ ಉದುರಿದವರಲ್ಲ. ನಿಲುವು ಎಲ್ಲರಿಗೂ ಇರುತ್ತದೆ. ಮುಚ್ಚಿಟ್ಟರೆ ಓದುವವರಿಗೆ ಲೆಕ್ಕ ಹಾಕಲು ಆಗುವುದಿಲ್ಲ, ಅಷ್ಟೇ.

ಸಂದರ್ಶನ ದಖ್ಖನಿಯಲ್ಲಿ, ಲಂಬಾಣಿಯಲ್ಲಿ ನಡೆದಿದೆ, ಪೇಪರ್ ಇಂಗ್ಲಿಷಿನಲ್ಲಿದೆ. ಏನು ಪರೀಕ್ಷಿಸಲಿ?

ಬೀದರ್ ಕಡೆ ಒಂದೇ ಓಣಿಯಲ್ಲಿ ಕನ್ನಡ, ಉರ್ದು, ಮರಾಠಿ, ತೆಲುಗು ಎಲ್ಲ ಕೇಳಿಸುತ್ತವೆ. ಹಾಗಾಗಿ ಈ ಪ್ರಶ್ನೆಯನ್ನು ನಾವು ಉಳಿದವರಿಗಿಂತ ಜಾಸ್ತಿ ಕೇಳಬೇಕು. ಮಾತಾಡಿದ ಭಾಷೆಯಲ್ಲೇ ಬರೆದುಕೊಂಡರಾ, ಕೇಳುತ್ತಾ ಕೇಳುತ್ತಾ ನೇರ ಇಂಗ್ಲಿಷಿಗೆ ಇಳಿಸಿದರಾ? ಕೋಡಿಂಗ್ (ಮಾತಿನ ತುಣುಕುಗಳಿಗೆ ಅರ್ಥದ ಗುರುತು ಹಾಕುವುದು) ಮೂಲದ ಮೇಲೆ ಆಯಿತಾ, ಅನುವಾದದ ಮೇಲಾ? ತಾಂಡಾದಲ್ಲಿ ದುಭಾಷಿ ಯಾರು? ಊರಿನ ಮೇಷ್ಟ್ರು ದುಭಾಷಿ ಆಗಿದ್ದರೆ ಅವರ ಮುಂದೆ ಹೇಳಲಾಗದ ಮಾತೂ ಇರುತ್ತದೆ. ವಿಶ್ಲೇಷಣೆ ಮಾಡಿದವರಲ್ಲಿ ಒಬ್ಬರಿಗಾದರೂ ಆ ಭಾಷೆ ಬರುತ್ತದಾ?

ಎಲ್ಲ ಮಹಿಳೆಯರ ಮಾತೂ ಒಂದೇ ತರಹದ ನಯವಾದ ಇಂಗ್ಲಿಷಿನಲ್ಲಿ ಇದ್ದರೆ ನಾನು ಪೆನ್ಸಿಲ್‌ನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇನೆ. ಜನ ಹಾಗೆ ಮಾತಾಡುವುದಿಲ್ಲ.

ಥೀಮ್ ಸರಿಯಾಗಿದೆ ಅಂತ ತಿಳಿಯೋದು ಹೇಗೆ? ಒಂದು ಉದಾಹರಣೆ ಕೊಡಿ.

ಕೆಳಗಿನದು ಯಾವ ಪೇಪರ್‌ನದೂ ಅಲ್ಲ. ಅಭ್ಯಾಸಕ್ಕೆ ಅಂತ ಬರೆದದ್ದು. ವಿಷಯ: ಗರ್ಭಿಣಿಯರು ಕಬ್ಬಿಣದ ಗುಳಿಗೆ ಯಾಕೆ ಪೂರ್ತಿ ನುಂಗುವುದಿಲ್ಲ. ಸರ್ಕಾರಿ ಕಾರ್ಯಕ್ರಮದ ಪ್ರಕಾರ ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ಗುಳಿಗೆ. ಪ್ರತಿಯೊಂದರಲ್ಲೂ 60 ಮಿಲಿಗ್ರಾಂ ಕಬ್ಬಿಣ, ಜತೆಗೆ ಫೋಲಿಕ್ ಆಸಿಡ್. ಲೇಖಕರ ಥೀಮ್ ಹೆಸರು "ಅರಿವಿನ ಕೊರತೆ". ಅದರ ಕೆಳಗೆ ಈ ಮಾತು:

"ಗುಳಿಗಿ ಕೊಟ್ಟಾರ್ರಿ, ರಕ್ತ ಆಗ್ತದ ಅಂತ ಹೇಳ್ಯಾರ. ತಿಂದ್ರ ಹೊಟ್ಟಿ ತೊಳಸ್ತದ. ಮುಂಜಾನೆ ಎದ್ದು ಕೂಲಿಗಿ ಹೋಗ್ಬೇಕು. ಹೊಲದಾಗ ವಾಂತಿ ಮಾಡ್ಕೋತ ಕೂಡ್ಲಾಕ ಆಗ್ತದೇನ್ರಿ? ಅದಕ್ಕ ಬಿಟ್ಟೀನಿ."

ಈಗ ಹೇಳಿ, ಈಕೆಗೆ ಅರಿವಿನ ಕೊರತೆ ಎಲ್ಲಿದೆ? ಗುಳಿಗೆ ಯಾಕೆ ಅಂತ ಗೊತ್ತು. ರಕ್ತ ಆಗುತ್ತದೆ ಅಂತ ಆಕೆಯೇ ಹೇಳಿದ್ದಾಳೆ. ತಿಂದರೆ ಏನಾಗುತ್ತದೆ ಅಂತಲೂ ಗೊತ್ತು. ಹೊಟ್ಟೆ ತೊಳಸುವುದು ಕಬ್ಬಿಣದ ಗುಳಿಗೆಯ ಗೊತ್ತಿರುವ ತೊಂದರೆಯೇ, ಆಕೆಯ ಕಲ್ಪನೆ ಅಲ್ಲ. ಆಕೆ ಲೆಕ್ಕ ಹಾಕಿ ಬಿಟ್ಟಿದ್ದಾಳೆ. ಒಂದು ದಿನದ ಕೂಲಿ ಹೋಗುವುದು ಒಂದು ಕಡೆ, ಗುಳಿಗೆ ಇನ್ನೊಂದು ಕಡೆ.

ಹೆಸರಲ್ಲೇನಿದೆ ಬಿಡಿ ಅನಿಸಬಹುದು. ಆದರೆ ಥೀಮ್ "ಅರಿವಿನ ಕೊರತೆ" ಆದರೆ ಪೇಪರ್ ಕೊನೆಗೆ ಬರುವ ಶಿಫಾರಸು ಪೋಸ್ಟರ್, ಜಾಥಾ, ಇನ್ನೊಂದು ಜಾಗೃತಿ ಕಾರ್ಯಕ್ರಮ. ಥೀಮ್ "ಕೂಲಿಯ ದಿನಚರಿಗೆ ಗುಳಿಗೆ ಹೊಂದುವುದಿಲ್ಲ" ಅಂತ ಆಗಿದ್ದರೆ, ರಾತ್ರಿ ಊಟದ ನಂತರ ತೆಗೆದುಕೊಳ್ಳಲು ಹೇಳುವುದು, ತೊಳಸುವುದು ಯಾಕೆ, ಎಷ್ಟು ದಿನ ಅಂತ ಮೊದಲೇ ತಿಳಿಸುವುದು, ಬಿಟ್ಟವರನ್ನು ಬೈಯದೆ ಕೇಳುವುದು ಇಂಥವು ಬರುತ್ತಿದ್ದವು. ಗುಳಿಗೆ ನುಂಗದ ತಪ್ಪನ್ನು ಯಾರ ತಲೆಗೆ ಕಟ್ಟುತ್ತೇವೆ ಅನ್ನುವುದು ಥೀಮ್ ಇಡುವಾಗಲೇ ತೀರ್ಮಾನ ಆಗಿಬಿಡುತ್ತದೆ.

ಅದೇ ಥೀಮ್ ಕೆಳಗೆ ಎರಡನೇ ಮಾತು:

"ನಮ್ಮತ್ತಿ ಬ್ಯಾಡಂದ್ರು. ಕೂಸು ದೊಡ್ಡದಾಗ್ತದ, ಹೆರಿಗಿ ತ್ರಾಸ ಆಗ್ತದ ಅಂತ."

ಇದು ಸ್ವಲ್ಪ ಹತ್ತಿರ. ಇಲ್ಲಿ ಒಂದು ನಂಬಿಕೆ ಇದೆ. ಆದರೆ ನಂಬಿಕೆ ಯಾರದ್ದು? ಅತ್ತೆಯದ್ದು. ಸೊಸೆ ಒಪ್ಪಿದಳೋ, ಎದುರಾಡಲು ಆಗಲಿಲ್ಲವೋ ಗೊತ್ತಿಲ್ಲ. ಸಂದರ್ಶಕರು "ನಿಮಗೇನು ಅನಿಸ್ತು?" ಅಂತ ಒಂದು ಪ್ರಶ್ನೆ ಕೇಳಬೇಕಿತ್ತು. ಕೇಳಿದರಾ ಅಂತ ಪೇಪರ್ ಹೇಳುವುದಿಲ್ಲ. ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಚೀಲಕ್ಕೆ ತುರುಕಿದ್ದಾರೆ ಅಂತ ವಿಮರ್ಶೆಯಲ್ಲಿ ಬರೆಯಬಹುದು.

ಇನ್ನೂ ಒಂದು ನೋಡಿ. 180 ಗುಳಿಗೆಯನ್ನೂ ನುಂಗಿದವರು ಒಬ್ಬರಾದರೂ ಇರಲಿಲ್ಲವಾ? ಅವರು ಹೇಗೆ ನಿಭಾಯಿಸಿದರು? ತಮ್ಮ ವಾದಕ್ಕೆ ಒಗ್ಗದ ಮಾತನ್ನೂ ಹುಡುಕಿ ಇಟ್ಟಿರುವ ಪೇಪರ್ ಮೇಲೆ ನಂಬಿಕೆ ಹೆಚ್ಚುತ್ತದೆ. ಎಲ್ಲರೂ ಒಂದೇ ರಾಗ ಹಾಡುತ್ತಿದ್ದರೆ ಯಾರನ್ನೋ ಬಿಟ್ಟಿದ್ದಾರೆ ಅಂತಲೇ ಲೆಕ್ಕ.

ಕೊನೆಗೆ ಒಂದು ಸಣ್ಣ ಕೆಲಸ, ಐದು ನಿಮಿಷ ಸಾಕು. ಪ್ರತಿ ಮಾತಿನ ಮುಂದೆ ಪಿ3, ಪಿ7 (ಮಾತಾಡಿದವರಲ್ಲಿ ಮೂರನೆಯವರು, ಏಳನೆಯವರು) ಅಂತ ಗುರುತು ಇರುತ್ತದೆ. ಯಾರ ಮಾತು ಎಷ್ಟು ಸಲ ಬಂದಿದೆ ಎಣಿಸಿ. ಇಪ್ಪತ್ತು ಜನರ ಅಧ್ಯಯನದಲ್ಲಿ ಅರ್ಧಕ್ಕರ್ಧ ಮಾತು ಪಿ4 ಒಬ್ಬರದೇ ಇದ್ದರೆ, ನೀವು ಓದುತ್ತಿರುವುದು ಚೆನ್ನಾಗಿ ಮಾತಾಡುವ ಒಬ್ಬರ ಕಥೆ. ಗುರುತೇ ಇಲ್ಲದಿದ್ದರೆ ಎಣಿಸುವುದಕ್ಕೂ ಆಗುವುದಿಲ್ಲ, ಅದನ್ನೂ ಬರೆಯಿರಿ.

ಇಬ್ಬರು ಕೋಡಿಂಗ್ ಮಾಡಿದ್ದಾರೆ, ಸಾಫ್ಟ್‌ವೇರ್ ಬಳಸಿದ್ದಾರೆ. ಗಟ್ಟಿ ಅಂತ ಹೇಳಬಹುದಾ?

ಸಾಫ್ಟ್‌ವೇರ್ ಮಾತುಗಳನ್ನು ಜೋಡಿಸಿಡುತ್ತದೆ. ಯೋಚನೆ ಮಾಡುವುದು ನಾವೇ. ಎನ್‌ವಿವೋ ಬಳಸಿದ್ದೇವೆ ಅನ್ನುವುದು ವಿಶ್ಲೇಷಣೆಯ ವಿವರಣೆ ಆಗುವುದಿಲ್ಲ. ಇಬ್ಬರು ಕೋಡ್ ಮಾಡುವುದು ಒಳ್ಳೆಯದೇ. ಆದರೆ ಒಂದೇ ವಿಭಾಗದ, ಒಂದೇ ಗೈಡ್‌ನ ಇಬ್ಬರು ವಿದ್ಯಾರ್ಥಿಗಳು ಒಪ್ಪಿದ್ದಾರೆ ಅಂದರೆ ಒಂದೇ ರೀತಿ ಕಲಿತಿದ್ದಾರೆ ಅಂತಲೂ ಆಗಬಹುದು. ಒಪ್ಪದ ಕಡೆ ಏನು ಮಾಡಿದರು ಅನ್ನುವುದನ್ನು ಹುಡುಕಿ.

ಮಾತಾಡಿದವರಿಗೇ ಫಲಿತಾಂಶ ತೋರಿಸಿ ಒಪ್ಪಿಗೆ ಪಡೆದರೆ ಸಾಕಲ್ವಾ?

ಉಪಯೋಗ ಇದೆ, ಸಾಕಾಗುವುದಿಲ್ಲ. "ನಾವು ಬರೆದದ್ದು ಸರಿನಾ?" ಅಂತ ಡಾಕ್ಟರು ಕೇಳಿದರೆ "ಹೂಂ ಸರಿ ಅದರಿ" ಅನ್ನುವುದೇ ನಮ್ಮ ಜನರ ಮರ್ಯಾದೆ. ತೋರಿಸಿದ ಮೇಲೆ ಏನಾದರೂ ಬದಲಾಯಿತಾ ಅಂತ ಪೇಪರ್ ಹೇಳಿದ್ದರೆ ಮಾತ್ರ ಅದಕ್ಕೆ ಬೆಲೆ.

ನಮ್ಮ ಸರ್ ಕೇಳ್ತಾರೆ, "ಪಿ ವ್ಯಾಲ್ಯೂ ಎಲ್ಲಿ? ರಿಲಯಬಿಲಿಟಿ ಎಲ್ಲಿ?" ಏನು ಹೇಳಲಿ?

ಜಗಳಕ್ಕೆ ಇಳಿಯಬೇಡಿ. ಅವು ಅಂಕಿ-ಅಂಶದ ಪೇಪರ್ ಅಳೆಯುವ ಮಾನದಂಡಗಳು. ಈ ಗುದ್ದಾಟ ನಮ್ಮ ಊರಿನದು ಮಾತ್ರ ಅಲ್ಲ. ಬ್ರಿಟನ್ನಿನ ವೈದ್ಯಕೀಯ ಪತ್ರಿಕೆ ಬಿಎಂಜೆ ಒಂದು ಗುಣಾತ್ಮಕ ಪೇಪರನ್ನು ಕಡಿಮೆ ಆದ್ಯತೆಯದು ಅಂತ ವಾಪಸ್ ಕಳಿಸಿದ್ದಕ್ಕೆ, 2016ರಲ್ಲಿ ಟ್ರಿಷ್ ಗ್ರೀನ್‌ಹಾಲ್ ಮುಂದಾಳತ್ವದಲ್ಲಿ 11 ದೇಶಗಳ 76 ಹಿರಿಯ ವಿದ್ವಾಂಸರು ಅದೇ ಪತ್ರಿಕೆಗೆ ಬಹಿರಂಗ ಪತ್ರ ಬರೆದರು.

ಸರ್‌ಗೆ ಹೇಳಲು ಬೇರೆ ಮಾನದಂಡಗಳಿವೆ. 1985ರಲ್ಲಿ ಲಿಂಕನ್ ಮತ್ತು ಗೂಬಾ ನಾಲ್ಕನ್ನು ಮುಂದಿಟ್ಟರು: ಫಲಿತಾಂಶ ನಂಬುವ ಹಾಗಿದೆಯಾ, ಬೇರೆ ಕಡೆಗೆ ಒಯ್ಯಬಹುದಾ, ಮಾಡಿದ ದಾರಿ ಸುಸೂತ್ರವಾಗಿದೆಯಾ, ಲೇಖಕರ ಇಷ್ಟದಿಂದ ಹುಟ್ಟದೆ ಮಾಹಿತಿಯಿಂದ ಹುಟ್ಟಿದೆಯಾ. ಅಂಕಿ-ಅಂಶದವರು ಕೇಳುವ ವ್ಯಾಲಿಡಿಟಿ (ಅಳೆಯಬೇಕಾದ್ದನ್ನೇ ಅಳೆದಿದೆಯಾ), ರಿಲಯಬಿಲಿಟಿ (ಮತ್ತೆ ಅಳೆದರೂ ಅದೇ ಬರುತ್ತದಾ) ಪ್ರಶ್ನೆಗಳ ಜಾಗದಲ್ಲಿ ಇವು ನಿಲ್ಲುತ್ತವೆ. ಇಷ್ಟು ಹೇಳಿದರೆ ಬಹಳ ಜನ ಸರ್‌ಗಳು ತಲೆಯಾಡಿಸುತ್ತಾರೆ. ತಲೆಯಾಡಿಸದಿದ್ದರೆ ಒಂದು ಒಳ್ಳೆ ಪೇಪರ್ ಕೈಗೆ ಕೊಡಿ, ವಾದಕ್ಕಿಂತ ಅದು ಜಾಸ್ತಿ ಕೆಲಸ ಮಾಡುತ್ತದೆ.

ಕೇರಳದಲ್ಲೋ ಇಂಗ್ಲೆಂಡಿನಲ್ಲೋ ಆದ ಅಧ್ಯಯನ ಸುರಪುರಕ್ಕೆ ಹೊಂದುತ್ತಾ?

ಲೇಖಕರು ಆ ಜಾಗವನ್ನು ಎಷ್ಟು ವಿವರವಾಗಿ ಬರೆದಿದ್ದಾರೆ ಅನ್ನುವುದರ ಮೇಲಿದೆ. ಆಸ್ಪತ್ರೆ ಎಷ್ಟು ದೂರ, ಬಸ್ಸು ಇದೆಯಾ, ಮನೆಯಲ್ಲಿ ಯಾರ ಮಾತು ನಡೆಯುತ್ತದೆ, ದುಡ್ಡು ಯಾರ ಕೈಯಲ್ಲಿ. ಇವು ಗೊತ್ತಾದರೆ ಹೋಲಿಸುವ ಕೆಲಸ ಓದುವ ನಮ್ಮದು. ಕೆಲವು ಸಂಗತಿ ಎಲ್ಲ ಕಡೆ ಒಂದೇ. ಲೇಬರ್ ರೂಮಿನಲ್ಲಿ ಒಂಟಿಯಾಗಿ ಬಿಟ್ಟರೆ ಆಗುವ ಭಯ ಎಲ್ಲ ಊರಲ್ಲೂ ಭಯವೇ. ಆದರೆ "ಮಹಿಳೆ ತಾನೇ ಕ್ಲಿನಿಕ್ ಆರಿಸಿಕೊಳ್ಳುತ್ತಾಳೆ" ಅನ್ನುವಂಥ ಥೀಮನ್ನು ಇಲ್ಲಿಗೆ ತರುವ ಮುಂಚೆ ಎರಡು ಸಲ ಯೋಚಿಸಿ.

ನೈತಿಕ ಸಮಿತಿಯ ಒಪ್ಪಿಗೆ ನಂಬರ್ ಇದ್ದರೆ ಮುಗೀತಾ?

ನಂಬರ್ ಬಾಗಿಲು ಮಾತ್ರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಓದು ಬಾರದವರಿಂದ ಒಪ್ಪಿಗೆ ಪಡೆಯುವಾಗ ಅಧ್ಯಯನಕ್ಕೆ ಸಂಬಂಧ ಇಲ್ಲದ ಸಾಕ್ಷಿ ಇರಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರೆ ಸಾಲದು. ರೆಕಾರ್ಡ್ ಮಾಡುತ್ತೇವೆ ಅಂತ ಹೇಳಿದರಾ, ಮಾತಾಡುತ್ತಾ ಅತ್ತುಬಿಟ್ಟರೆ ಏನು ಮಾಡಿದರು, ಹಿಂಸೆಯ ವಿಷಯ ಬಂದರೆ ಎಲ್ಲಿಗೆ ಕಳಿಸಿದರು ನೋಡಿ.

ನಮ್ಮ ಕಡೆ ಹೆಚ್ಚು ಕಾಣುವ ದೋಷ ಇನ್ನೊಂದು. ಹೆಸರು ಬರೆಯುವುದಿಲ್ಲ, ಆದರೆ "ಎಎನ್‌ಎಂ, 52 ವರ್ಷ, ಇಂಥ ಪಿಎಚ್‌ಸಿ" ಅಂತ ಬರೆದಿರುತ್ತಾರೆ. ಆ ಪಿಎಚ್‌ಸಿಯಲ್ಲಿ ಆ ವಯಸ್ಸಿನವರು ಒಬ್ಬರೇ ಇದ್ದರೆ ತಾಲೂಕಿಗೆಲ್ಲ ಗೊತ್ತಾಯಿತು. ಅದರ ಮೇಲೆ ಆಕೆ ಮೇಲಧಿಕಾರಿಯ ಬಗ್ಗೆ ದೂರಿದ್ದರೆ ಮುಗಿದೇ ಹೋಯಿತು.

ಪೇಪರ್ ದುರ್ಬಲವಾಗಿದೆ. ಬಿಸಾಕಲಾ?

ತಕ್ಷಣ ಬೇಡ. ವಿಧಾನ ಸರಿಯಾಗಿ ಬರೆಯದ ಪೇಪರ್‌ನಲ್ಲೂ ಒಂದೊಂದು ಸಲ ಬೇರೆಲ್ಲೂ ಸಿಗದ ಮಾತು ಸಿಗುತ್ತದೆ. ಒಂದೇ ವಿಷಯದ ಹಲವು ಪೇಪರ್ ಇದ್ದಾಗ ಗ್ರೇಡ್-ಸರ್ಕ್ವಲ್ ಅನ್ನುವ ವಿಧಾನ ಇದೆ. ಅದು ಒಂದೊಂದು ಪೇಪರ್‌ಗೆ ತೀರ್ಪು ಕೊಡುವುದಿಲ್ಲ. ಒಂದೊಂದು ಫಲಿತಾಂಶವನ್ನು ಹಿಡಿದು ನಾಲ್ಕು ಕಡೆಯಿಂದ ನೋಡುತ್ತದೆ: ವಿಧಾನದ ಕೊರತೆಗಳು, ಮಾಹಿತಿಗೂ ಫಲಿತಾಂಶಕ್ಕೂ ಇರುವ ಹೊಂದಾಣಿಕೆ, ಮಾಹಿತಿ ಎಷ್ಟಿದೆ ಎಷ್ಟು ಆಳವಾಗಿದೆ, ನಮ್ಮ ಪ್ರಶ್ನೆಗೆ ಎಷ್ಟು ಸಂಬಂಧ. ಥೀಸಿಸ್‌ನ ಸಾಹಿತ್ಯ ವಿಮರ್ಶೆಗೆ ಇದು ಸುಮ್ನೆ ಓದಿಕೊಂಡಿರಲು ಒಳ್ಳೆಯದು. ಪೂರ್ತಿ ಬಳಸಲು ಹೊರಟರೆ ಸಮಯ ಬಹಳ ಹಿಡಿಯುತ್ತದೆ.

ಜರ್ನಲ್ ಕ್ಲಬ್‌ನಲ್ಲಿ ಇದನ್ನು ಹೇಗೆ ಅಭ್ಯಾಸ ಮಾಡೋದು?

ಒಂದು ಗಂಟೆಗೆ ಒಂದು ಪೇಪರ್, ಅದಕ್ಕಿಂತ ಜಾಸ್ತಿ ಬೇಡ. ಸ್ಲೈಡ್ ಮಾಡಬೇಡಿ. ಸ್ಲೈಡ್ ಬಂದರೆ ಒಬ್ಬರು ಓದುತ್ತಾರೆ, ಉಳಿದವರು ಫೋನ್ ನೋಡುತ್ತಾರೆ. ಎಲ್ಲರಿಗೂ ಫಲಿತಾಂಶದ ಎರಡು ಪುಟದ ಜೆರಾಕ್ಸ್ ಕೊಡಿ, ಥೀಮ್ ಹೆಸರುಗಳನ್ನು ಮಾರ್ಕರ್‌ನಿಂದ ಅಳಿಸಿ. ಇಬ್ಬಿಬ್ಬರು ಕೂತು ಹೆಸರಿಡಲಿ. ಆಮೇಲೆ ಲೇಖಕರ ಹೆಸರುಗಳನ್ನು ಬೋರ್ಡಿಗೆ ಬರೆದು ಹೋಲಿಸಿ. ಅರ್ಧ ಗಂಟೆ ಇದಕ್ಕೇ ಹೋಗಲಿ. ಉಳಿದ ಹೊತ್ತಿನಲ್ಲಿ ಕ್ಯಾಸ್ಪ್‌ನ ನಾಲ್ಕು, ಆರು, ಎಂಟನೇ ಪ್ರಶ್ನೆ (ಜನರನ್ನು ಆರಿಸಿದ ಬಗೆ, ಸಂಶೋಧಕರ ಸಂಬಂಧ, ವಿಶ್ಲೇಷಣೆ) ಮೂರನ್ನೇ ಎತ್ತಿಕೊಳ್ಳಿ. ಹತ್ತನ್ನೂ ಮುಗಿಸುವ ಆತುರದಲ್ಲಿ ಯಾವುದೂ ಆಗುವುದಿಲ್ಲ.

ಆಶಾ ಫೆಸಿಲಿಟೇಟರ್ ಒಬ್ಬರನ್ನೋ ಹಳೆಯ ಎಎನ್‌ಎಂ ಒಬ್ಬರನ್ನೋ ಕರೆಯಲು ಆದರೆ ಕರೆಯಿರಿ. ಪೇಪರ್‌ನ ಮಾತುಗಳನ್ನು ಕನ್ನಡದಲ್ಲಿ ಓದಿ ಹೇಳಿ, "ಅಕ್ಕ, ಇದನ್ನ ಯಾರ ಮುಂದೆ ಹೇಳಿರಬಹುದು?" ಅಂತ ಕೇಳಿ. ಅವರಿಗೆ ಪೇಪರ್ ಓದಿ ಅಭ್ಯಾಸ ಇರಲಿಕ್ಕಿಲ್ಲ. ಆ ಪ್ರಶ್ನೆಗೆ ಮಾತ್ರ ನಮಗಿಂತ ಬೇಗ ಉತ್ತರ ಕೊಡುತ್ತಾರೆ.

ಮೊದಲಿಗೆ ಯಾವ ಪೇಪರ್ ಆರಿಸಲಿ?

ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ್ದು. ಲೇಬರ್ ರೂಮಿನಲ್ಲಿ ಕೆಲಸ ಮಾಡಿದ್ದರೆ ಹೆರಿಗೆ, ಟಿಬಿ ಘಟಕದಲ್ಲಿದ್ದರೆ ಟಿಬಿ. ದುಡ್ಡು ಕೊಡದೆ ಪೂರ್ತಿ ಓದಲು ಸಿಗುವ ಜರ್ನಲ್‌ನದ್ದು ಇರಲಿ, ಇಲ್ಲಾಂದ್ರೆ ಸಾರಾಂಶ ಓದಿಯೇ ವಿಮರ್ಶೆ ಬರೆಯುವ ಚಟ ಹತ್ತುತ್ತದೆ. ಭಾರತದ ಹಳ್ಳಿಯಲ್ಲಿ ಆದ ಸಂದರ್ಶನದ ಅಧ್ಯಯನ ಒಂದು ಸಾಕು. ಜನಾಂಗ ವಿವರಣೆ (ಜನರ ನಡುವೆ ಬಹಳ ದಿನ ಇದ್ದು ಅವರ ಬದುಕನ್ನು ಗಮನಿಸಿ ಬರೆಯುವುದು), ಗ್ರೌಂಡೆಡ್ ಥಿಯರಿ ಇವಕ್ಕೆ ಆಮೇಲೆ ಕೈ ಹಾಕಬಹುದು. ಸಂದರ್ಶನದ ಪ್ರಶ್ನೆಗಳ ಪಟ್ಟಿಯನ್ನು ಅನುಬಂಧದಲ್ಲಿ ಕೊಟ್ಟಿರುವ ಪೇಪರ್ ಸಿಕ್ಕರೆ ಅದನ್ನೇ ಆರಿಸಿ. ಏನು ಕೇಳಿದರು ಅಂತ ಕೈಯಲ್ಲಿದ್ದರೆ ಅರ್ಧ ಅನುಮಾನ ಅಲ್ಲೇ ಬಗೆಹರಿಯುತ್ತದೆ.